ಒಂದೇ ಕೋಣೆ: ಹಗಲು ಆಫೀಸು, ಸಂಜೆ ಹೊಲಿಗೆ. ಕಡಿಮೆ ಖರ್ಚಿನಲ್ಲಿ ಹೇಗೆ ಜೋಡಿಸೋದು?

ನೂಲುಂಡೆ

ಎಲ್ಲರಿಗೂ ನಮಸ್ಕಾರ. ನನ್ನದೊಂದು ಕೋಣೆ ಇದೆ. 10 ಅಡಿಗೆ 11 ಅಡಿ. 11 ಅಡಿ ಗೋಡೆಯ ಮಧ್ಯದಲ್ಲಿ ಕಿಟಕಿ. ಅದರ ಎದುರು ಗೋಡೆಯ ತುದಿಯಲ್ಲಿ ಬಾಗಿಲು. ಅಕ್ಕಪಕ್ಕದ ಎರಡು ಗೋಡೆ ಪೂರ್ತಿ ಖಾಲಿ. ಬೆಳಗ್ಗೆಯಿಂದ ಸಂಜೆವರೆಗೆ ಇಲ್ಲೇ ಆಫೀಸ್ ಕೆಲಸ. ಲೆಕ್ಕಪತ್ರ ನೋಡುವ ಕೆಲಸ, ಎರಡು ಪರದೆ ಬೇಕು, ದಿನಾ ವಿಡಿಯೋ ಕಾಲ್ ಇರುತ್ತದೆ. ಸಂಜೆ ಮತ್ತು ರಜೆಯಲ್ಲಿ ಅದೇ ಕೋಣೆಯಲ್ಲಿ ಹೊಲಿಗೆ, ಕ್ರೋಶೆ, ಸ್ವಲ್ಪ ಕಾಗದದ ಕೆಲಸ.

ಈಗ ಇರುವುದು 4 ಅಡಿಗೆ 2 ಅಡಿಯ ಒಂದು ಗಟ್ಟಿ ಮರದ ಮೇಜು, ಒಂದು ಊಟದ ಮೇಜಿನ ಕುರ್ಚಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಹಳೇ ಬೀರು, ಮತ್ತೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಡಬ್ಬಗಳು. ಸಂಜೆ ಲ್ಯಾಪ್‌ಟಾಪ್ ಎತ್ತಿ ನೆಲದ ಮೇಲಿಟ್ಟು ಮಷೀನ್ ತೆಗೆಯುತ್ತೇನೆ. ಬೆಳಗ್ಗೆ ಅರ್ಧ ಕತ್ತರಿಸಿದ ಬಟ್ಟೆಯನ್ನೆಲ್ಲ ಒಂದು ಚೀಲಕ್ಕೆ ತುಂಬುತ್ತೇನೆ. ಆ ಚೀಲ ಮತ್ತೆ ತೆರೆಯುವ ಹೊತ್ತಿಗೆ ಯಾವ ತುಂಡು ಯಾವುದಕ್ಕೆ ಅಂತ ಮರೆತೇ ಹೋಗಿರುತ್ತದೆ.

ಎಲ್ ಆಕಾರದ ದೊಡ್ಡ ಮೇಜು ಮಾಡಿಸಿ, ಗೋಡೆ ತುಂಬ ಬೀರು ಹಾಕಿಸಬೇಕು ಅಂತ ಆಸೆ. ಬಜೆಟ್ ಹೇಗಿದೆ ಅಂದರೆ, ಒಂದು ಒಳ್ಳೆ ಕುರ್ಚಿ ಕೊಂಡರೆ ಅರ್ಧ ಖಾಲಿ. ಗೋಡೆಗೆ ಡ್ರಿಲ್ ಮಾಡಬಹುದು, ಇಟ್ಟಿಗೆ ಗೋಡೆ. ಎಲ್ಲಿಂದ ಶುರು ಮಾಡಲಿ?

ಖಾಲಿಗೋಡೆ

ಬೀರುವಿನ ಆಸೆ ಮೊದಲು ಬಿಡಿ. ಬೀರು ಮಾಡಿಸಿದಷ್ಟೂ ತುಂಬುತ್ತದೆ. ಇರುವುದನ್ನೆಲ್ಲ ಕೋಣೆಯಿಂದ ಹೊರಗೆ ತಂದು ಹಾಕಿ. ಬಳಸುವುದು ಮಾತ್ರ ಒಳಗೆ ಹೋಗಲಿ. ಎಷ್ಟು ಶೆಲ್ಫ್ ಬೇಕು ಅಂತ ಆಮೇಲೆ ತಾನೇ ಗೊತ್ತಾಗುತ್ತದೆ.

ಕತ್ತರಿಕೈ

ಖಾಲಿಗೋಡೆ ಹೇಳಿದ್ದು ಅರ್ಧ ಸರಿ. ಹೊಲಿಯುವವರಿಗೆ "ಬಳಸುವುದು ಮಾತ್ರ" ಅನ್ನುವ ಲೆಕ್ಕ ಅಷ್ಟು ಸುಲಭ ಅಲ್ಲ. ಇವತ್ತು ಚಿಂದಿ ಅನಿಸಿದ್ದು ನಾಳೆ ಜೇಬಾಗುತ್ತದೆ. ಅದಿರಲಿ.

ನೂಲುಂಡೆ, ನಿಮ್ಮ ಮಾತಲ್ಲೇ ಉತ್ತರ ಇದೆ ಅಲ್ವಾ? ಅರ್ಧ ಕತ್ತರಿಸಿದ ಬಟ್ಟೆಯನ್ನು ಚೀಲಕ್ಕೆ ತುಂಬಬೇಕಾಗಿರುವುದೇ ನಿಮ್ಮ ಕಷ್ಟ. ಸಾಮಾನು ಇಡಲು ಜಾಗ ಸಾಲದು ಅನ್ನುವುದು ಅದರ ನಂತರ. ಆಫೀಸ್ ಕೆಲಸವನ್ನು ಒಂದು ಗುಂಡಿ ಒತ್ತಿ ಮುಚ್ಚಿಡಬಹುದು. ಹೊಲಿಗೆಗೆ ಹಾಗಿಲ್ಲ. ಹಾಸಿದ ಬಟ್ಟೆ, ಗುಂಡುಸೂಜಿ ಚುಚ್ಚಿದ ಪ್ಯಾಟರ್ನ್, ಅರ್ಧ ಹೊಲಿದ ತೋಳು, ಇವೆಲ್ಲ ಹಾಗೇ ಇರಬೇಕು. ಅದಕ್ಕೆ ಒಂದು ಮೇಜು ಬಿಟ್ಟುಕೊಡಿ. ಅದರ ಮೇಲೆ ಲ್ಯಾಪ್‌ಟಾಪ್ ಯಾವತ್ತೂ ಬರಕೂಡದು. ಉಳಿದ ಪ್ಲಾನ್ ಎಲ್ಲ ಅದರ ಸುತ್ತ ಮಾಡಿ.

ಎಲ್ ಆಕಾರದ ಮೇಜು ಬೇಡ. ಅದು ಪೂರ್ತಿ ಒಂದೇ ಎತ್ತರ. ನಿಮಗೆ ಬೇಕಾಗಿರುವುದು ಮೂರು ಎತ್ತರ.

ನೂಲುಂಡೆ

ಮೂರು ಎತ್ತರ ಅಂದರೆ ಹೇಗಕ್ಕಾ? ಮೂರು ಮೇಜು ಹಾಕಿದರೆ ನಾನು ನಿಲ್ಲುವುದೆಲ್ಲಿ?

ಕತ್ತರಿಕೈ

ಟೈಪ್ ಮಾಡುವ ಮೇಜು ಸಾಮಾನ್ಯವಾಗಿ 29 ಇಂಚು ಇರುತ್ತದೆ. ಕೂತಾಗ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿ ಕೀಬೋರ್ಡ್ ಇರಬೇಕು. ಹೊಲಿಗೆ ಮಷೀನನ್ನು ಅದೇ ಮೇಜಿನ ಮೇಲಿಟ್ಟರೆ ಬಟ್ಟೆ ಓಡುವ ಜಾಗ ಇನ್ನೂ ಮೂರು ಇಂಚಾದರೂ ಮೇಲೆ ಹೋಗುತ್ತದೆ. ಆಗ ಭುಜ ಎತ್ತಿ ಹೊಲಿಯುತ್ತೀರಿ. ರಾತ್ರಿ ಕುತ್ತಿಗೆ ಹಿಡಿಯುತ್ತದೆ. ಮಷೀನಿನ ಮೇಜು 26 ಇಂಚಿನ ಸುಮಾರಿಗೆ ಇದ್ದರೆ ಹಾಯಾಗಿರುತ್ತದೆ. ಕುರ್ಚಿಯನ್ನೇ ಮೇಲೆ ಎತ್ತಿದರಾಯ್ತು ಅಂತ ಕೆಲವರು ಹೇಳುತ್ತಾರೆ. ಆದರೆ ಪೆಡಲ್ ನೆಲದ ಮೇಲಿದೆಯಲ್ಲ, ಕಾಲು ಅಲ್ಲಿಗೆ ಸರಿಯಾಗಿ ಎಟುಕಬೇಕು.

ಬಟ್ಟೆ ಕತ್ತರಿಸುವುದು ನಿಂತು ಮಾಡುವ ಕೆಲಸ. ಅದಕ್ಕೆ 36 ಇಂಚು ಹತ್ತಿರ ಬೇಕು. ನೀವು ಗಿಡ್ಡ ಇದ್ದರೆ ಸ್ವಲ್ಪ ಕಡಿಮೆ, ಎತ್ತರ ಇದ್ದರೆ ಜಾಸ್ತಿ. ನಿಂತು ಕೈ ಮಡಚಿ ಮೊಣಕೈ ಎತ್ತರ ಅಳೆಯಿರಿ. ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಮೇಜು ಬರಲಿ. ರೋಟರಿ ಕಟರ್ (ಉರುಳುವ ದುಂಡು ಬ್ಲೇಡಿನ ಕಟರ್) ಒತ್ತಿ ಎಳೆಯುವಾಗ ಮೈಭಾರ ಬೀಳಬೇಕು, ಬರೀ ಮಣಿಕಟ್ಟು ಒತ್ತಬಾರದು. ಊಟದ ಮೇಜಿನ ಮೇಲೆ ಬಗ್ಗಿ ಕತ್ತರಿಸಿದವರ ಸೊಂಟ ಕೇಳಿ, ಅದೇ ಹೇಳುತ್ತದೆ.

ಮರದಪುಡಿ

ಜಾಗದ ಲೆಕ್ಕ ನಾನು ಹೇಳುತ್ತೇನೆ. ಇದು ಬಹಳ ಅಗ್ಗದಲ್ಲಿ ಆಗುವ ಕೆಲಸ.

18 ಮಿಲಿಮೀಟರ್ ಪ್ಲೈವುಡ್ ಒಂದೇ ಒಂದು ಶೀಟ್ ತನ್ನಿ. ಅಳತೆ 8 ಅಡಿಗೆ 4 ಅಡಿ. ಉದ್ದಕ್ಕೆ ನಡುವೆ ಕೊಯ್ಯಿಸಿದರೆ 24 ಇಂಚು ಅಗಲದ ಎರಡು ಪಟ್ಟಿ. ಮೊದಲ ಪಟ್ಟಿಯಲ್ಲಿ 54 ಇಂಚು ಆಫೀಸ್ ಮೇಜಿಗೆ, ಉಳಿದ ಸುಮಾರು 42 ಇಂಚು ಮಷೀನಿಗೆ. ಎರಡನೇ ಪಟ್ಟಿಯನ್ನು ಮತ್ತೆ ಉದ್ದಕ್ಕೆ ಸೀಳಿ, ಅಡ್ಡ ಕೊಯ್ದರೆ 12 ಇಂಚು ಆಳ, 4 ಅಡಿ ಉದ್ದದ ನಾಲ್ಕು ಶೆಲ್ಫ್. ಗರಗಸ ತಿನ್ನುವ ಎರಡು ಮೂರು ಮಿಲಿಮೀಟರ್ ಬಿಟ್ಟರೆ ಏನೂ ವ್ಯರ್ಥ ಇಲ್ಲ. ಪ್ಲೈವುಡ್ ಮಾರುವವರ ಹತ್ತಿರ ಕೊಯ್ಯುವ ಮಷೀನ್ ಇದ್ದರೆ ಅಲ್ಲೇ ಕೊಯ್ಯಿಸಿ. ಮನೆಯಲ್ಲಿ ಕೈಗರಗಸದಲ್ಲಿ 8 ಅಡಿ ನೇರ ಕೊಯ್ಯುವ ಸಾಹಸ ಬೇಡ.

ನಿಮ್ಮ ಹಳೇ ಮರದ ಮೇಜೇ ಕತ್ತರಿಸುವ ಮೇಜು. ಅದು 29 ಇಂಚು ಇದ್ದರೆ ನಾಲ್ಕೂ ಕಾಲಿಗೆ 4 ಇಂಚಿನ ಮರದ ತುಂಡು, ಅದರ ಕೆಳಗೆ ಒಟ್ಟು 3 ಇಂಚು ಎತ್ತರದ ಗಾಲಿ. ಸರಿಯಾಗಿ 36 ಆಯ್ತು. ಮರದ ತುಂಡನ್ನು ಸುಮ್ನೆ ಅಂಟು ಹಾಕಿ ಕೂರಿಸಬೇಡಿ. ಕಾಲಿನ ಪಕ್ಕಕ್ಕೆ ಒಂದು ಪಟ್ಟಿ ಕೊಟ್ಟು ಬೋಲ್ಟ್ ಹಾಕಿ. ಗಾಲಿ ನಾಲ್ಕಕ್ಕೂ ಬ್ರೇಕ್ ಇರಲಿ. ಎರಡಕ್ಕೆ ಮಾತ್ರ ಬ್ರೇಕ್ ಇದ್ದರೆ ಕಟರ್ ಎಳೆದಾಗ ಮೇಜು ತಿರುಗುತ್ತದೆ.

ಉಳಿದ ಎರಡು ಮೇಜು ಗೋಡೆಗೆ. ಹಿಂದೆ ಗೋಡೆಗೆ ಒಂದು ಮರದ ಪಟ್ಟಿ ಹೊಡೆದು ಹಲಗೆ ಕೂರಿಸಿ, ಮುಂದೆ ಎರಡು ಕಾಲು ಕೊಡಿ. ಎತ್ತರ ನಿಮ್ಮಿಷ್ಟ. 29 ಬೇಕಾ, 26 ಬೇಕಾ, ಪಟ್ಟಿ ಹೊಡೆಯುವಾಗ ನಿರ್ಧಾರ ಆಗುತ್ತದೆ. ರೆಡಿ ಮೇಜು ಕೊಂಡರೆ ಈ ಸ್ವಾತಂತ್ರ್ಯ ಇಲ್ಲ.

ಪುಟಾಣಿಮೇಜು

ಫ್ಲಶ್ ಡೋರ್, ಅಂದರೆ ಎರಡೂ ಕಡೆ ಚಪ್ಪಟೆ ಇರುವ ಬಾಗಿಲು, ಒಂದು ತಂದು ಎರಡು ಡ್ರಾಯರ್ ಪೆಟ್ಟಿಗೆ ಮೇಲೆ ಮಲಗಿಸಿದರೆ ಆಯ್ತಲ್ವಾ? ನಾನು ಅದನ್ನೇ ಬಳಸೋದು. ಮುಕ್ಕಾಲು ಗೋಡೆ ಉದ್ದದ ಮೇಜು, ಒಂದೇ ದಿನದ ಕೆಲಸ.

ಮರದಪುಡಿ

ಆಗುತ್ತದೆ, ಒಳ್ಳೆ ಉಪಾಯವೇ. ಒಂದು ನೋಡಿಕೊಳ್ಳಿ. ಒಳಗೆ ಟೊಳ್ಳಿರುವ ಬಾಗಿಲಾದರೆ ಸ್ಕ್ರೂ ಅಂಚಿನ ಚೌಕಟ್ಟಿನಲ್ಲಿ ಮಾತ್ರ ಹಿಡಿಯುತ್ತದೆ, ಮಧ್ಯದಲ್ಲಿ ಹಿಡಿಯಲ್ಲ. ಪರದೆ ಹಿಡಿದಿಡುವ ಮಾನಿಟರ್ ತೋಳನ್ನು ಮೇಜಿಗೆ ಕ್ಲಾಂಪ್ ಮಾಡಿದರೆ ಮೇಲಿನ ಪದರ ಅಪ್ಪಚ್ಚಿ ಆಗಬಹುದು. ಗಟ್ಟಿ ತುಂಬಿದ ಬಾಗಿಲಾದರೆ ತೊಂದರೆ ಇಲ್ಲ, ಆದರೆ ಎತ್ತಲು ಇಬ್ಬರು ಬೇಕು.

ನೂಲುಂಡೆಗೆ ನಾನು ಅದನ್ನು ಹೇಳದೇ ಇರಲು ಕಾರಣ ಮಷೀನು. ಒಂದೇ ಉದ್ದ ಹಲಗೆ ಮೇಲೆ ಒಂದು ತುದಿಯಲ್ಲಿ ಮಷೀನ್ ಓಡಿಸಿ, ಇನ್ನೊಂದು ತುದಿಯಲ್ಲಿ ಪರದೆ ಇಟ್ಟು ನೋಡಿ. ಪರದೆ ಕುಣಿಯುತ್ತದೆ.

ಬೆಳಕಿನಮೂಲೆ

ಯಾವ ಮೇಜು ಯಾವ ಗೋಡೆಗೆ ಅಂತ ಇನ್ನೂ ಯಾರೂ ಹೇಳಿಲ್ಲ. ಅದನ್ನು ಕಿಟಕಿ ನಿರ್ಧಾರ ಮಾಡಲಿ.

ಕಿಟಕಿಗೆ ಬೆನ್ನು ಹಾಕಿ ಕೂತರೆ ಪರದೆ ಮೇಲೆ ಕಿಟಕಿಯೇ ಕಾಣುತ್ತದೆ. ವಿಡಿಯೋ ಕಾಲ್‌ನಲ್ಲಿ ಮುಖ ಕಪ್ಪಾಗುತ್ತದೆ. ಕಿಟಕಿಗೆ ಮುಖ ಮಾಡಿ ಕೂತರೆ ಮುಖ ಚೆನ್ನಾಗಿ ಕಾಣುತ್ತದೆ, ಆದರೆ ಪರದೆ ಹಿಂದಿನ ಬೆಳಕಿಗೆ ಕಣ್ಣು ಸೋಲುತ್ತದೆ. ಕಿಟಕಿ ಪಕ್ಕಕ್ಕೆ ಬರಬೇಕು. ನಿಮ್ಮ ಎರಡೂ ಖಾಲಿ ಗೋಡೆ ಕಿಟಕಿಯ ಅಕ್ಕಪಕ್ಕದವೇ ಆಗಿರುವುದು ಅದೃಷ್ಟ.

ನೀವು ಬಲಗೈಯವರು ಅಂದುಕೊಂಡು ಹೇಳುತ್ತೇನೆ. ಕಿಟಕಿಗೆ ಮುಖ ಮಾಡಿ ನಿಲ್ಲಿ. ನಿಮ್ಮ ಬಲಗಡೆ ಗೋಡೆಗೆ ಹೊಲಿಗೆ ಮೇಜು. ಅಲ್ಲಿ ಕೂತಾಗ ಕಿಟಕಿ ಎಡಕ್ಕೆ ಬರುತ್ತದೆ. ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ಎಡಗಡೆ ಗೋಡೆಗೆ ಆಫೀಸ್ ಮೇಜು. ಅಲ್ಲಿ ಬೆಳಕು ಬಲದಿಂದ ಬಂದರೂ ಟೈಪ್ ಮಾಡಲು ವ್ಯತ್ಯಾಸ ಆಗಲ್ಲ. ಎಡಗೈಯವರಾದರೆ ಅದಲು ಬದಲು ಮಾಡಿಕೊಳ್ಳಿ.

ಕತ್ತರಿಕೈ

ಈ ಮಾತಿಗೆ ನನ್ನ ಪೂರ್ತಿ ಬೆಂಬಲ. ಮಧ್ಯದಲ್ಲಿ ಗಾಲಿ ಮೇಜು. ಕುರ್ಚಿ ಒಂದೇ ಸಾಕು, ಇದನ್ನು ಗಮನಿಸಿ. ಎರಡೂ ಮೇಜು ಎದುರು ಬದುರು ಇರುವುದರಿಂದ ಕುರ್ಚಿ ತಿರುಗಿಸಿಕೊಂಡರೆ ಆಫೀಸು ಮುಗಿದು ಹೊಲಿಗೆ ಶುರು.

ನೂಲುಂಡೆ

ಬಲಗೈಯವಳೇ. ಗೋಡೆಯಿಂದ ಗೋಡೆಗೆ 11 ಅಡಿ. ಎರಡು ಮೇಜು ಸೇರಿ 4 ಅಡಿ ಹೋಯಿತು. ಉಳಿದದ್ದು 7. ಮಧ್ಯೆ 2 ಅಡಿ ಅಗಲದ ಮೇಜು ನಿಲ್ಲಿಸಿದರೆ ಎರಡೂ ಕಡೆ ಎರಡೂವರೆ ಅಡಿ. ಕುರ್ಚಿ ಎಳೆಯಲು ಸಾಲದಲ್ಲ?

ಮರದಪುಡಿ

ಕೂತು ಏಳಲು ಹಿಂದೆ 3 ಅಡಿ ಇದ್ದರೆ ಆರಾಮ. ಆದರೆ ನೀವು ಒಬ್ಬರೇ ಅಲ್ವಾ? ಆಫೀಸ್ ಸಮಯದಲ್ಲಿ ಗಾಲಿ ಮೇಜನ್ನು ಹೊಲಿಗೆ ಮೇಜಿನ ಕಡೆಗೆ ತಳ್ಳಿ. ಹೊಲಿಯುವಾಗ ಆಫೀಸ್ ಮೇಜಿನ ಕಡೆಗೆ. ಕತ್ತರಿಸುವಾಗ ಮಧ್ಯಕ್ಕೆ, ಸುತ್ತ ನಾಲ್ಕೂ ಕಡೆ ಓಡಾಡಬಹುದು. ಮೇಜಿನ ಮೇಲೆ ಹಾಸಿದ ಬಟ್ಟೆ ಮೇಜಿನ ಜೊತೆಗೇ ಸರಿಯುತ್ತದೆ. ಚೀಲಕ್ಕೆ ತುಂಬುವ ಕೆಲಸ ಇಲ್ಲ.

ಕೊಳ್ಳುವ ಮುಂಚೆ ಹಳೇ ಪತ್ರಿಕೆಗಳನ್ನು ಅಂಟಿಸಿ ಪ್ರತಿ ಮೇಜಿನ ಅಳತೆಗೆ ನೆಲದ ಮೇಲೆ ಹಾಸಿ. ಬಾಗಿಲು ತೆರೆದು ನೋಡಿ, ಕುರ್ಚಿ ಓಡಿಸಿ ನೋಡಿ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ನಕ್ಷೆ ಸುಳ್ಳು ಹೇಳುತ್ತದೆ. ನೆಲದ ಮೇಲಿನ ಪತ್ರಿಕೆ ಹೇಳಲ್ಲ.

ಬಾಡಿಗೆಮನೆ

ಡ್ರಿಲ್ ಮಾಡಲು ಬಿಡದ ಮನೆಯವರಿಗೂ ಏನಾದರೂ ಹೇಳಿ ಅಣ್ಣಾ.

ಮರದಪುಡಿ

ಮೇಜಿಗೆ ಮುಂದೆ ಮಾತ್ರ ಅಲ್ಲ, ಹಿಂದೆಯೂ ಕಾಲು ಕೊಡಿ. ಶೆಲ್ಫನ್ನು ಗೋಡೆಗೆ ಹೊಡೆಯುವ ಬದಲು ಏಣಿಯ ತರಹ ಎರಡು ಚೌಕಟ್ಟು ನಿಲ್ಲಿಸಿ ಮಧ್ಯೆ ಹಲಗೆ ಇಡಿ. ಆಚೀಚೆ ವಾಲದಂತೆ ಹಿಂದೆ ಒಂದು ಅಡ್ಡಪಟ್ಟಿಯನ್ನು ಓರೆಯಾಗಿ ಹೊಡೆಯಬೇಕು. ಭಾರದ್ದೆಲ್ಲ ಕೆಳಗಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಎತ್ತರದ ಶೆಲ್ಫನ್ನು ಗೋಡೆಗೆ ಕಟ್ಟದೆ ಬಿಡಬೇಡಿ. ಮನೆ ಮಾಲೀಕರ ಹತ್ತಿರ ಒಂದೇ ಒಂದು ತೂತಿಗೆ ಒಪ್ಪಿಗೆ ಕೇಳಿ. ಮಕ್ಕಳು ಅದನ್ನು ಹತ್ತುತ್ತಾರೆ.

ಪ್ಲಗ್‌ಪಾಯಿಂಟ್

ಇಷ್ಟೆಲ್ಲ ಮಾತಾಯಿತು, ಕರೆಂಟ್ ವಿಷಯ ಯಾರೂ ಎತ್ತಿಲ್ಲ. ಈ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಎಷ್ಟಿದೆ, ಎಲ್ಲಿದೆ?

ನೂಲುಂಡೆ

ಎರಡು. ಒಂದು ಬಾಗಿಲ ಪಕ್ಕ, ಇನ್ನೊಂದು ಎಡಗಡೆ ಗೋಡೆಯಲ್ಲಿ. ಈಗ ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸಿದ್ದೇನೆ. ಇಸ್ತ್ರಿ ಪೆಟ್ಟಿಗೆಯೂ ಅದರಲ್ಲೇ.

ಪ್ಲಗ್‌ಪಾಯಿಂಟ್

ಅದನ್ನು ಇವತ್ತೇ ಕಿತ್ತು ಹಾಕಿ, ದಯವಿಟ್ಟು. ಲ್ಯಾಪ್‌ಟಾಪ್, ಎರಡು ಪರದೆ, ಮಷೀನ್, ದೀಪ ಎಲ್ಲ ಸೇರಿದರೂ ಕೆಲವು ನೂರು ವಾಟ್. ಇಸ್ತ್ರಿ ಪೆಟ್ಟಿಗೆ ಒಂದೇ ಸಾಮಾನ್ಯವಾಗಿ 1000 ವಾಟ್ ಹತ್ತಿರ. ಹಬೆ ಬಿಡುವಂಥದ್ದು ಕೆಲವು 2000 ದಾಟುತ್ತವೆ. ಅದು ನೇರ ಗೋಡೆಯ ಪಾಯಿಂಟಿಗೇ ಹೋಗಬೇಕು, ಆ ಪಾಯಿಂಟೂ ಅಷ್ಟು ಭಾರ ತಡೆಯುವಂಥದ್ದಾಗಿರಬೇಕು. ಬೋರ್ಡಿಗೆ ಬೋರ್ಡ್ ಸಿಕ್ಕಿಸಿದಾಗ ಅಷ್ಟೂ ಕರೆಂಟ್ ಮೊದಲ ಬೋರ್ಡಿನ ತೆಳು ವೈರಿನಲ್ಲಿ ಹರಿಯುತ್ತದೆ. ಉಳಿದ ವೈರನ್ನು ಸುರುಳಿ ಸುತ್ತಿಟ್ಟಿದ್ದರೆ ಬಿಸಿ ಹೊರಗೆ ಹೋಗಲು ದಾರಿಯೂ ಇಲ್ಲ. ಪಕ್ಕದಲ್ಲೇ ಬಟ್ಟೆ, ಕಾಗದ. ಬೇರೆ ಹೇಳಬೇಕಾಗಿಲ್ಲ.

ಬಜೆಟ್ಟಿನಲ್ಲಿ ಮೊದಲ ಪಾಲು ಎಲೆಕ್ಟ್ರಿಷಿಯನ್ನಿಗೆ. ಬಲಗಡೆ ಗೋಡೆಗೆ, ಮೇಜಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಎರಡು ಪಾಯಿಂಟ್ ಹಾಕಿಸಿ. ಒಂದು ಮಷೀನಿಗೆ, ಇನ್ನೊಂದು ಭಾರದ್ದು, ಇಸ್ತ್ರಿಗೆ. ಇದನ್ನು ಬಣ್ಣ ಹೊಡೆಯುವ ಮುಂಚೆ ಮಾಡಿಸಿ. ಮೇಜಿನ ಕೆಳಗೆ ಪಾಯಿಂಟ್ ಹಾಕಿಸಿದರೆ ದಿನಾ ತೆವಳಬೇಕು. ಇಸ್ತ್ರಿ ಆಫ್ ಮಾಡಿದೆನಾ ಅಂತ ಬಾಗಿಲಿನಿಂದಲೇ ಕಾಣುವ ಹಾಗೆ ಒಂದು ಸೂಚಕ ದೀಪ ಇರುವ ಸ್ವಿಚ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಖಾಲಿಗೋಡೆ

ಬಜೆಟ್ ವಿಷಯ ಬಂತಲ್ಲ. ಯಾವುದಕ್ಕೆ ಬಿಚ್ಚುಕೈ, ಯಾವುದಕ್ಕೆ ಬಿಗಿಕೈ? ನನ್ನ ಲೆಕ್ಕದಲ್ಲಿ ಮೈಗೆ ತಾಗುವುದು ಮತ್ತು ಕಣ್ಣಿಗೆ ಬೀಳುವುದು, ಅಂದರೆ ಕುರ್ಚಿ ಮತ್ತು ದೀಪ, ಇವೆರಡಕ್ಕೆ ಹಣ. ಡಬ್ಬ, ಬುಟ್ಟಿ, ಶೆಲ್ಫ್ ಎಲ್ಲ ಇದ್ದದ್ದರಲ್ಲೇ.

ಕತ್ತರಿಕೈ

ಕುರ್ಚಿ ಹೊಸದೇ ಬೇಕು ಅಂತಿಲ್ಲ. ಮುಚ್ಚಿದ ಆಫೀಸಿನವರು ಮಾರುವ ಕುರ್ಚಿಗಳು ಅಂಗಡಿಯ ಹೊಸ ಅಗ್ಗದ ಕುರ್ಚಿಗಿಂತ ಎಷ್ಟೋ ಗಟ್ಟಿ. ನೋಡಲು ಹೋದಾಗ ಎತ್ತರಿಸಿ ಹತ್ತು ನಿಮಿಷ ಕೂತೇ ಮಾತಾಡಿ. ತಾನಾಗಿ ಕೆಳಗಿಳಿದರೆ ಒಳಗಿನ ಗ್ಯಾಸ್ ಹೋಗಿದೆ ಅಂತ ಅರ್ಥ. ಬೆನ್ನು ಒರಗಿಸಿ ಕೂತಾಗ ಮಂಡಿ ಹಿಂದೆ ಎರಡು ಮೂರು ಬೆರಳು ತೂರಬೇಕು. ಸೀಟಿನ ಸ್ಪಂಜು ಮಧ್ಯದಲ್ಲಿ ಗುಂಡಿ ಬಿದ್ದಿದ್ದರೆ ಬಿಡಿ. ಬಟ್ಟೆ ಹರಿದಿದ್ದರೆ? ನೀವು ಹೊಲಿಯುವವರು, ಅದೇ ನೆಪ ಮಾಡಿ ಬೆಲೆ ಇಳಿಸಿ!

ಕೈಹಿಡಿ ತೆಗೆಯಲು ಬರುವ ಕುರ್ಚಿ ನೋಡಿ. ಹೊಲಿಯುವಾಗ ಅದು ಮೇಜಿಗೆ ತಾಗುತ್ತದೆ. ಗಾಲಿಗೆ ದಾರ ಸುತ್ತಿಕೊಳ್ಳುವುದು ತಪ್ಪದು, ಆಗಾಗ ಕತ್ತರಿಸಿ ತೆಗೆಯುತ್ತಿರಿ. ನೆಲಕ್ಕೆ ಚಾಪೆ, ಕಾರ್ಪೆಟ್ ಏನೂ ಬೇಡ. ಗುಂಡುಸೂಜಿ ಬಿದ್ದರೆ ಅದರೊಳಗೆ ಅಡಗಿ ಕೂರುತ್ತದೆ. ಬರೀ ನೆಲ, ಕೋಲಿನ ತುದಿಗೆ ಕಟ್ಟಿದ ಒಂದು ಅಯಸ್ಕಾಂತ. ಅಷ್ಟೇ.

ಬೆಳಕಿನಮೂಲೆ

ದೀಪದ ಬಗ್ಗೆ ನನಗೆ ಸ್ವಲ್ಪ ಹುಚ್ಚು, ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮಧ್ಯದಲ್ಲಿ ಒಂದು ಟ್ಯೂಬ್‌ಲೈಟ್ ಇದ್ದರೆ ಎರಡೂ ಮೇಜಿನಲ್ಲಿ ನಿಮ್ಮ ಬೆನ್ನ ಹಿಂದಿನಿಂದ ಬೆಳಕು. ಅಂದರೆ ನಿಮ್ಮದೇ ನೆರಳಿನಲ್ಲಿ ಹೊಲಿಯುತ್ತೀರಿ. ಅದನ್ನು ಇನ್ನೂ ದೊಡ್ಡದು ಮಾಡಿದರೆ ನೆರಳು ಹೋಗಲ್ಲ. ಮಷೀನಿನ ಮೇಲೆ, ಶೆಲ್ಫಿನ ತಳಕ್ಕೆ, ಒಂದು ಎಲ್‌ಇಡಿ ಪಟ್ಟಿ ಅಂಟಿಸಿ. ಚಿಕ್ಕ ದೀಪವಾದರೂ ಹತ್ತಿರ ಇದ್ದರೆ ಸಾಕು. ಒಂದು ಬಲ್ಬಿನ ದೂರ ಅರ್ಧ ಮಾಡಿದರೆ ಕೆಲಸದ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಆಫೀಸ್ ಕೆಲಸಕ್ಕೆ 500 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಸಾಕು ಅಂತಾರೆ. ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಹೊಲಿಯಲು ಅದರ ಎರಡು ಪಟ್ಟು ಬೇಕು. ಹತ್ತಿರದ ದೀಪದಿಂದ ಅದು ಕಡಿಮೆ ಖರ್ಚಿನಲ್ಲಿ ಸಿಗುತ್ತದೆ.

ಇನ್ನೊಂದು ವಿಷಯ ಸಿಆರ್‌ಐ. ಎಲ್‌ಇಡಿ ಡಬ್ಬದ ಮೇಲೆ ಈ ಸಂಖ್ಯೆ ಹುಡುಕಿ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ ಅದು, 100 ಅದರ ಮೇಲ್ಮಿತಿ. ಸಾಮಾನ್ಯ ಬಲ್ಬು 80ರ ಹತ್ತಿರ. ದಾರ ಬಟ್ಟೆ ಹೊಂದಿಸಲು 90ಕ್ಕಿಂತ ಜಾಸ್ತಿ ಇರುವುದು ಬೇಕು. ಕಡಿಮೆ ಇದ್ದರೆ ಕೆಂಪು ಮತ್ತು ಕಂದು ಮೋಸ ಮಾಡುತ್ತವೆ. ರಾತ್ರಿ ಸರಿಯಾಗಿ ಹೊಂದಿದ ದಾರ ಬೆಳಗ್ಗೆ ನೋಡಿದರೆ ಬೇರೆಯೇ ಬಣ್ಣ. ಬಿಳುಪಿನ ಛಾಯೆ 4000ದಿಂದ 5000 ಕೆಲ್ವಿನ್ ಒಳಗಿರಲಿ. ಎಲ್ಲ ದೀಪಕ್ಕೂ ಈ ಖರ್ಚು ಬೇಡ. ಹೊಲಿಗೆ ಮೇಜಿನದು ಮತ್ತು ಕತ್ತರಿಸುವ ಜಾಗದ್ದು ಸಾಕು. ಆಫೀಸ್ ಮೇಜಿಗೆ ಈಗಿರುವ ಯಾವುದೋ ಟೇಬಲ್ ಲ್ಯಾಂಪ್ ಆದೀತು.

ಗೋಡೆಗೆ ಗಾಢ ಹಸಿರು, ನೀಲಿ ಏನೂ ಬೇಡ. ಗೋಡೆಯ ಬಣ್ಣ ಬೆಳಕಿನ ಜೊತೆ ಬಟ್ಟೆ ಮೇಲೂ ಬೀಳುತ್ತದೆ. ಬಿಳಿ ಸೂರು, ತಿಳಿ ಬೂದು ಅಥವಾ ಕೆನೆಬಿಳಿ ಗೋಡೆ. ನೋಡಲು ಸಪ್ಪೆ ಅನಿಸಬಹುದು, ಬಣ್ಣ ನಿಮ್ಮ ನೂಲಿನಿಂದ ಬರುತ್ತದೆ ಬಿಡಿ.

ನೂಲುಂಡೆ

ಒಂದು ಸಮಸ್ಯೆ ಕಾಣುತ್ತಿದೆ. ಆಫೀಸ್ ಮೇಜಿನಲ್ಲಿ ಕೂತರೆ ಕ್ಯಾಮೆರಾಕ್ಕೆ ನನ್ನ ಹಿಂದೆ ಕಾಣುವುದು ಪೂರ್ತಿ ಹೊಲಿಗೆ ಗೋಡೆ! ಅರ್ಧ ಹೊಲಿದ ಕುಪ್ಪಸ ಇಟ್ಟುಕೊಂಡು ಲೆಕ್ಕಪತ್ರ ಒಪ್ಪಿಸಲಾ?

ಪುಟಾಣಿಮೇಜು

ಹಿನ್ನೆಲೆ ಮಸುಕು ಮಾಡುವ ಗುಂಡಿ ಇದೆಯಲ್ಲ.

ಬೆಳಕಿನಮೂಲೆ

ಇದೆ, ಆದರೆ ಕೈ ಆಡಿಸಿದಾಗ ಬೆರಳು ಮಾಯ ಆಗುತ್ತದೆ. ಹಳೇ ಲ್ಯಾಪ್‌ಟಾಪ್ ಆದರೆ ಫ್ಯಾನ್ ಕಿರುಚಲು ಶುರು ಮಾಡುತ್ತದೆ. ಪರದೆ ಹೊಲಿದು ಹಾಕಿ. ಶೆಲ್ಫಿನ ಮುಂದೆ ತೆಳು ಪೈಪ್ ಒಂದನ್ನು ಗೋಡೆಯ ಎರಡು ಕೊಕ್ಕೆಗೆ ಕೂರಿಸಿ, ತಿಳಿ ಬಣ್ಣದ ದಪ್ಪ ಹತ್ತಿ ಬಟ್ಟೆ ಇಳಿಬಿಡಿ. ಬೀರುವಿನ ಬಾಗಿಲಿಗೆ ಕೊಡಬೇಕಾದ ಹಣ ಉಳಿಯಿತು. ಬಿಸಿಲಿಗೆ ಬಟ್ಟೆ ಬಣ್ಣ ಮಾಸುವುದೂ ನಿಲ್ಲುತ್ತದೆ. ಕೋಣೆಯಲ್ಲಿ ಮಾತು ಮೊಳಗುವುದೂ ಕಡಿಮೆ ಆಗುತ್ತದೆ, ಮಡಿಸಿಟ್ಟ ಬಟ್ಟೆಯ ರಾಶಿ ಸದ್ದನ್ನು ಹೀರಿಕೊಳ್ಳುತ್ತದೆ. ಬರೀ ಗೋಡೆಯ ಕೋಣೆಯಲ್ಲಿ ಕಾಲ್ ಮಾಡಿದವರಿಗೆ ಈ ವ್ಯತ್ಯಾಸ ಗೊತ್ತು.

ಖಾಲಿಗೋಡೆ

ಪರದೆ ಹಾಕಿದರೆ ಹಿಂದೆ ಏನಿದೆ ಅಂತ ಮರೆಯುತ್ತೀರಿ. ಕಾಣದೇ ಇರುವುದನ್ನು ಯಾರೂ ಬಳಸಲ್ಲ. ನನ್ನ ಮಟ್ಟಿಗೆ ತೆರೆದ ಶೆಲ್ಫ್, ಅಚ್ಚುಕಟ್ಟಾಗಿ ಇಡುವ ಶಿಸ್ತು.

ಕತ್ತರಿಕೈ

ಶಿಸ್ತು ಇದ್ದವರು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ ಮಾರಾಯರೇ.

ಪರದೆ ಇರಲಿ. ಕಾಲ್ ಇರುವಾಗ ಎಳೆದರಾಯ್ತು, ಉಳಿದ ಹೊತ್ತು ತೆರೆದೇ ಇರಲಿ. ಬಟ್ಟೆಯನ್ನು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಹಳೇ ರಟ್ಟಿನ ಪೆಟ್ಟಿಗೆಯಿಂದ ಒಂದೇ ಅಳತೆಯ ರಟ್ಟು ಕತ್ತರಿಸಿ, ಅದಕ್ಕೆ ಬಟ್ಟೆ ಸುತ್ತಿ, ಗುಂಡುಸೂಜಿ ಚುಚ್ಚಿ, ಸಾಲಾಗಿ ನಿಲ್ಲಿಸಿ. ಒಂದನ್ನು ಎಳೆದರೆ ಉಳಿದವು ಕುಸಿಯಲ್ಲ. ಎಷ್ಟು ಮೀಟರ್ ಇದೆ ಅಂತ ಸಣ್ಣ ಚೀಟಿಯಲ್ಲಿ ಬರೆದು ಅದೇ ಸೂಜಿಗೆ ಸಿಕ್ಕಿಸಿ. ಆ ಬಾಗಿಲು ಮುಚ್ಚದ ಬೀರು ಇದೆಯಲ್ಲ, ಬಾಗಿಲನ್ನೇ ಕಳಚಿ ಹಾಕಿ. ಒಳಗೆ ಇದೇ ಸಾಲು. ಕಳಚಿದ ಬಾಗಿಲಿಗೆ ಹಳೇ ಕಂಬಳಿ, ಮೇಲೆ ಹತ್ತಿ ಬಟ್ಟೆ ಬಿಗಿದು ಹೊಡೆದರೆ ಇಸ್ತ್ರಿ ಮಾಡುವ ಹಲಗೆ. ಮರದ ಬಾಗಿಲಾಗಿದ್ದರೆ ಮಾತ್ರ.

ಬಾಬಿನ್, ಗುಂಡಿ, ಜಿಪ್ ಎಲ್ಲ ಕಾಣುವ ಗಾಜಿನ ಅಥವಾ ಪಾರದರ್ಶಕ ಡಬ್ಬದಲ್ಲಿ. ಒಂದು ಸಾಲಿನ ಹಿಂದೆ ಇನ್ನೊಂದು ಸಾಲು ಇಡಬೇಡಿ, ಹಿಂದಿನದು ಸತ್ತಂತೆ.

ಮರದಪುಡಿ

ಶೆಲ್ಫ್ ಬಾಗುವುದರ ಬಗ್ಗೆ ಒಂದು ಮಾತು. 4 ಅಡಿ ಹಲಗೆಗೆ ಎರಡು ತುದಿಗೆ ಮಾತ್ರ ಬ್ರಾಕೆಟ್ ಕೊಟ್ಟರೆ ನಿಧಾನಕ್ಕೆ ಬಿಲ್ಲಾಗುತ್ತದೆ. ಅಡಿಗೆ ಅಷ್ಟೇ ಭಾರ ಇದ್ದು, ಬ್ರಾಕೆಟ್ ನಡುವಿನ ದೂರ ಎರಡು ಪಟ್ಟಾದರೆ ಬಾಗುವುದು 16 ಪಟ್ಟಾಗುತ್ತದೆ. ಆದ್ದರಿಂದ ಮಧ್ಯದಲ್ಲಿ ಇನ್ನೊಂದು ಬ್ರಾಕೆಟ್ ಕೊಡಿ. ಮುಂದಿನ ಅಂಚಿಗೆ ಒಂದೂವರೆ ಇಂಚಿನ ಪಟ್ಟಿಯನ್ನು ನಿಲ್ಲಿಸಿ ಹೊಡೆದರೆ ಇನ್ನೂ ಗಟ್ಟಿ. ಎಲ್‌ಇಡಿ ಪಟ್ಟಿಯೂ ಅದರ ಹಿಂದೆ ಮರೆಯಾಗುತ್ತದೆ, ಕಣ್ಣಿಗೆ ಹೊಡೆಯಲ್ಲ.

ಕಾಗದದ ಭಾರವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. 500 ಹಾಳೆಯ ಎ4 ಕಟ್ಟು ಸುಮಾರು ಎರಡೂವರೆ ಕಿಲೋ. ಆಫೀಸ್ ಫೈಲು, ಕಾಗದದ ಕೆಲಸದ ಸಾಮಾನು ಕೆಳಗಿನ ಶೆಲ್ಫಿಗೆ. ನೂಲುಂಡೆ ಮೇಲಕ್ಕೆ. (ನಿಮ್ಮನ್ನಲ್ಲ!)

ಕತ್ತರಿ, ಸ್ಕೇಲು, ಕಟರ್ ತೂಗುಹಾಕಲು ಪೆಗ್‌ಬೋರ್ಡ್, ಅಂದರೆ ಕೊಕ್ಕೆ ಸಿಕ್ಕಿಸುವ ತೂತುಗಳ ಹಲಗೆ, ಚೆನ್ನ. ಗೋಡೆಗೆ ಅಂಟಿಸಿ ಹೊಡೆದರೆ ಕೊಕ್ಕೆ ಒಳಗೆ ಹೋಗಲ್ಲ. ಹಿಂದೆ ಅರ್ಧ ಇಂಚಾದರೂ ಖಾಲಿ ಬಿಡಬೇಕು, ಮರದ ಪಟ್ಟಿ ಕೊಟ್ಟು ಅದರ ಮೇಲೆ ಹೊಡೆಯಿರಿ. ಮರದ ಪುಡಿ, ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಅಗ್ಗದ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ ತಂದರೆ ಕೊಯ್ಯುವಾಗ ಮಾಸ್ಕ್ ಹಾಕಿ, ಕೊಯ್ದ ಅಂಚಿಗೆ ಎಡ್ಜ್ ಬ್ಯಾಂಡ್ (ಅಂಚಿನ ಪಟ್ಟಿ) ಅಂಟಿಸಿ ಅಥವಾ ಪೇಂಟ್ ಮಾಡಿ ಮುಚ್ಚಿ. ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಹಾನಿಕರ ಅನಿಲ ಹೊರಬರುತ್ತದೆ, ತೆರೆದ ಅಂಚಿನಿಂದಲೇ ಜಾಸ್ತಿ. ದಿನವಿಡೀ ಕೂರುವ ಕೋಣೆ ಅದು.

ನೂಲುಂಡೆ

ಸ್ವಲ್ಪ ದಿನ ಆಯ್ತು, ಇಲ್ಲಿಯವರೆಗೆ ಆಗಿದ್ದು ಹೇಳುತ್ತೇನೆ.

ಪತ್ರಿಕೆ ಹಾಸಿ ನೋಡಿದೆ. ಬಾಗಿಲು ಪೂರ್ತಿ ತೆರೆದರೆ ಹೊಲಿಗೆ ಮೇಜಿನ ಮೂಲೆಗೆ ಬಡಿಯುತ್ತಿತ್ತು. ಮೇಜನ್ನು ಕಿಟಕಿ ಕಡೆಗೆ ಸರಿಸಿದೆ, ಸರಿಹೋಯಿತು. ಎಲೆಕ್ಟ್ರಿಷಿಯನ್ ಬಂದು ಹೋದರು. ಪ್ಲೈವುಡ್ ಕೊಯ್ಯಿಸಿ ತಂದೆ. ಕುರ್ಚಿ ಸೆಕೆಂಡ್ ಹ್ಯಾಂಡ್, ಕತ್ತರಿಕೈ ಅಕ್ಕ ಹೇಳಿದ ಪರೀಕ್ಷೆ ಮಾಡಿದೆ, ಮೊದಲು ನೋಡಿದ್ದು ಮಾತಾಡುತ್ತಲೇ ಕೆಳಗಿಳಿಯಿತು. ಎರಡನೇದು ಗಟ್ಟಿ. ಹಳೇ ಮೇಜಿಗೆ ಗಾಲಿ ಹಾಕಿದ್ದಾಯಿತು. ಒಂದು ಕುರ್ತಾ ಹಾಸಿದ್ದು ವಾರದಿಂದ ಅದರ ಮೇಲೇ ಇದೆ, ಯಾರೂ ಎತ್ತಿಲ್ಲ. ಆಫೀಸ್ ಕೆಲಸಕ್ಕೆ ಅಡ್ಡಿಯೂ ಇಲ್ಲ.

ಬಣ್ಣ ನಾನೇ ಹೊಡೆದೆ, ಕೆನೆಬಿಳಿ. ಬಾಗಿಲ ಕಡೆಯ ಗೋಡೆಗೆ ಮಾತ್ರ ಸಾಸಿವೆ ಹಳದಿ, ಬೆಳಕಿನಮೂಲೆ ಬೈಯಬೇಡಿ. ಮಷೀನಿನಿಂದ ದೂರ ಇದೆ.

ಎರಡು ಪ್ರಶ್ನೆ ಉಳಿದಿವೆ. ಇಸ್ತ್ರಿ ಹಲಗೆಯನ್ನು ಗಾಲಿ ಮೇಜಿನ ಮೇಲೇ ಇಟ್ಟರೆ ಕತ್ತರಿಸುವಾಗ ಕೆಳಗೆ ಹಾಸುವ ಕಟಿಂಗ್ ಮ್ಯಾಟ್ ಏನು ಮಾಡಲಿ? ಬಾಗಿಲ ಮೇಲೆ ಸೂರಿನ ತನಕ ಎರಡು ಅಡಿ ಖಾಲಿ ಇದೆ. ಅಲ್ಲಿ ಒಂದು ಶೆಲ್ಫ್ ಹೊಡೆಯಬಹುದಾ?

ಬೆಳಕಿನಮೂಲೆ

ಸಾಸಿವೆ ಹಳದಿ ಗೋಡೆಗೆ ಕ್ಷಮೆ ಇದೆ. ಫೋಟೋ ತೆಗೆಯುವಾಗ ಆ ಗೋಡೆ ಹತ್ತಿರ ಬಿಳಿ ಬಟ್ಟೆ ಹಿಡಿಯಬೇಡಿ, ಅಷ್ಟೇ.

ಕತ್ತರಿಕೈ

ಮ್ಯಾಟ್ ಬಿಸಿಗೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಮೇಲೆ ಮೊದಲಿನಂತೆ ಆಗುವುದು ಕಷ್ಟ. ಅದರ ಮೇಲೆ ಹಲಗೆ ಇಟ್ಟು ಇಸ್ತ್ರಿ ಮಾಡಬೇಡಿ, ಕಿಟಕಿ ಬಿಸಿಲಿಗೂ ಬಿಡಬೇಡಿ. ಗಾಲಿ ಮೇಜಿನ ಕಾಲುಗಳ ನಡುವೆ, ಮೇಲಿನ ಹಲಗೆಯ ತಳದಿಂದ ಒಂದೆರಡು ಇಂಚು ಕೆಳಗೆ, ಎರಡು ಪಟ್ಟಿ ಹೊಡೆಯಿರಿ. ಮ್ಯಾಟ್ ಅದರೊಳಗೆ ಚಪ್ಪಟೆಯಾಗಿ ಜಾರಿ ಕೂರಲಿ. ಗೋಡೆಗೆ ಒರಗಿಸಿ ನಿಲ್ಲಿಸಿದರೂ ಬಾಗುತ್ತದೆ. ಮತ್ತೆ ಇಸ್ತ್ರಿ ಮಾಡುವಾಗ ಗಾಲಿ ಬ್ರೇಕ್ ಹಾಕಿದ್ದೀರಾ ಅಂತ ನೋಡಿಕೊಳ್ಳಿ, ವೈರ್ ಎಳೆದಾಡಬಾರದು.

ಮರದಪುಡಿ

ಬಾಗಿಲ ಮೇಲೆ ಹೊಡೆಯಬಹುದು. ಆಳ 10 ಇಂಚಿಗಿಂತ ಜಾಸ್ತಿ ಬೇಡ. ಚೌಕಟ್ಟಿನ ಮೇಲೆ ಒಂದು ಗೇಣು ಬಿಟ್ಟು ಬ್ರಾಕೆಟ್ ಹಾಕಿ, ಚೌಕಟ್ಟಿನ ಹತ್ತಿರ ಡ್ರಿಲ್ ಮಾಡಿದರೆ ಗಾರೆ ಉದುರುತ್ತದೆ. ಹೊಸ ವೈರಿಂಗ್ ಆ ಗೋಡೆಯೊಳಗೆ ಎಲ್ಲಿ ಹೋಗಿದೆ ಅಂತ ಮೊದಲು ಎಲೆಕ್ಟ್ರಿಷಿಯನ್ನರನ್ನು ಕೇಳಿ. ಬಾಗಿಲು ಬಡಿದಾಗೆಲ್ಲ ಆ ಶೆಲ್ಫ್ ನಡುಗುತ್ತದೆ. ಆದ್ದರಿಂದ ಮುಂದಿನ ಅಂಚಿಗೆ ಎರಡು ಇಂಚು ಮೇಲೆ ಬರುವ ಹಾಗೆ ಪಟ್ಟಿ ಹೊಡೆಯಿರಿ. ಬರೀ ಹಗುರದ್ದು ಇಡಿ. ನೂಲಿನ ಉಂಡೆ, ಸ್ಪಂಜು, ಹತ್ತಿ. ಗಾಜಿನ ಡಬ್ಬ ಅಲ್ಲಿಗೆ ಬೇಡವೇ ಬೇಡ.